ಮಾಯದ ಹುಣ್ಣು ಮತ್ತು ಲೈಪೊಸೋಮ್ ಔಷಧ

ಹರಿಹರದಲ್ಲಿ ತುಂಗಭದ್ರೆಗೆ ಸ್ನಾನಕ್ಕೆ ಇಳಿದವರಿಗೆಲ್ಲ ನೀರೊಳಗಿನ ಕಲ್ಲಿನ ಜಾರಿಕೆ ಗೊತ್ತು. ಎಷ್ಟು ನೀರು ಹರಿದರೂ ಆ ಲೋಳೆ ತೊಳೆದುಹೋಗದು, ಉಜ್ಜಿಯೇ ತೆಗೆಯಬೇಕು. ಅದು ಪಾಚಿಯೂ ಅಸಂಖ್ಯ ಬ್ಯಾಕ್ಟೀರಿಯಾಗಳೂ ಕೂಡಿ ಕಟ್ಟಿಕೊಂಡ ವಸತಿ. ಇಂಥದೇ ಲೋಳೆಪೊರೆ ನಮ್ಮ ಹಲ್ಲಿನ ಮೇಲೆ, ಮೂತ್ರಕ್ಕೆ ಹಾಕುವ ನಳಿಕೆಯಲ್ಲಿ, ಕೃತಕ ಕೀಲಿನ ಮೇಲೆ, ಹಳೆಯ ಹುಣ್ಣಿನ ತಳದಲ್ಲಿಯೂ ಬೆಳೆಯುತ್ತದೆ. ವೈದ್ಯಶಾಸ್ತ್ರ ಇದನ್ನು ಬಯೋಫಿಲ್ಮ್ ಎನ್ನುತ್ತದೆ.

ಕಡರನಾಯಕನಹಳ್ಳಿ ಕಡೆಯ ಭತ್ತದ ರೈತರೊಬ್ಬರು ಸಕ್ಕರೆ ಕಾಯಿಲೆಯವರು. ಕೆಸರುಗದ್ದೆಯಲ್ಲಿ ಬರಿಗಾಲಿನಲ್ಲಿ ದುಡಿಯುವಾಗ ಆದ ಗಾಯ ಮೂರು ತಿಂಗಳಾದರೂ ಮಾಯಲಿಲ್ಲ. ಮಾತ್ರೆ ನುಂಗಿದಾಗ ಕೀವು ಕಡಿಮೆಯಾಗುವುದು, ಬಿಟ್ಟೊಡನೆ ಮರಳುವುದು. "ಡಾಕ್ಟ್ರೇ, ಔಷಧಿಯೇ ಸುಳ್ಳೋ, ನನ್ನ ಹಣೆಬರಹವೇ ಹೀಗೋ?" ಎಂದು ಅವರು ಕೇಳಿದರು. ಸುಳ್ಳು ಔಷಧಿಯದಲ್ಲ, ಅದು ಶತ್ರುವಿನ ಮನೆಯ ಬಾಗಿಲಿನವರೆಗೆ ಮಾತ್ರ ತಲುಪುತ್ತಿತ್ತು.

ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ 1683ರಲ್ಲಿಯೇ ತನ್ನ ಹಲ್ಲಿನ ಕೊಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಚಲಿಸುವ ಜೀವಿಗಳನ್ನು ಕಂಡ. ವಿನೆಗರ್‌ನಿಂದ ಬಾಯಿ ತೊಳೆದರೂ ಕೊಳೆಯ ಹೊರಭಾಗದ ಜೀವಿಗಳು ಮಾತ್ರ ಸಾಯುತ್ತವೆ, ಒಳಗಿನವು ಉಳಿಯುತ್ತವೆ ಎಂಬುದನ್ನೂ ಅವನು ಗಮನಿಸಿದ. ಇಂದಿನ ಕಷ್ಟವೂ ಅದೇ. ಬ್ಯಾಕ್ಟೀರಿಯಾಗಳು ಸಕ್ಕರೆಯ ಸರಪಳಿ, ಪ್ರೋಟೀನು ಮತ್ತು ಡಿಎನ್‌ಎಗಳಿಂದ ಅಂಟಿನ ಗೋಡೆ ಕಟ್ಟಿಕೊಳ್ಳುತ್ತವೆ. ಔಷಧ ಆ ಅಂಟಿನಲ್ಲಿಯೇ ಸಿಕ್ಕಿಬೀಳುತ್ತದೆ. ಆಳದಲ್ಲಿರುವ ಜೀವಾಣುಗಳು ಬೆಳವಣಿಗೆ ನಿಲ್ಲಿಸಿ ನಿದ್ರಿಸುತ್ತವೆ. ಬೆಳೆಯುವ ಜೀವಾಣುವನ್ನೇ ಕೊಲ್ಲುವ ಔಷಧಗಳು ಅವುಗಳನ್ನು ಮುಟ್ಟಲಾರವು.

ಇದಕ್ಕೆ ಒಂದು ಉಪಾಯ ಲೈಪೊಸೋಮ್. ಮೊಟ್ಟೆಯ ಹಳದಿಯಲ್ಲಿ, ಸೋಯಾ ಅವರೆಯಲ್ಲಿ ಇರುವ ಲೆಸಿಥಿನ್‌ನಂಥ ಕೊಬ್ಬು ನೀರಿನಲ್ಲಿ ತಾನಾಗಿಯೇ ಸಣ್ಣ ಗುಳ್ಳೆಯಾಗುತ್ತದೆ. ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ 1960ರ ದಶಕದಲ್ಲಿ ಇದನ್ನು ಕಂಡುಹಿಡಿದರು. ಗುಳ್ಳೆಯ ಒಡಲಿನಲ್ಲಿ ನೀರಿನಲ್ಲಿ ಕರಗುವ ಔಷಧವನ್ನೂ, ಅದರ ಗೋಡೆಯಲ್ಲಿ ಎಣ್ಣೆಯಲ್ಲಿ ಕರಗುವ ಔಷಧವನ್ನೂ ತುಂಬಬಹುದು. ಗುಳ್ಳೆ ಔಷಧವನ್ನು ಕಿಣ್ವಗಳಿಂದ ಕಾಯುತ್ತದೆ. ಅದರ ಮೈಗೆ ಧನ ವಿದ್ಯುದಂಶ ಕೊಟ್ಟರೆ ಋಣ ವಿದ್ಯುದಂಶದ ಲೋಳೆಪೊರೆಗೆ ಅಂಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾದ ಬಳಿಯಲ್ಲಿಯೇ ಔಷಧವನ್ನು ಬಿಡುತ್ತದೆ.

ಇದು ಬರಿಯ ಕಲ್ಪನೆಯಲ್ಲ. 2021ರಲ್ಲಿ ಕೋವಿಡ್ ಜೊತೆಗೆ ಬಂದ ಕಪ್ಪು ಶಿಲೀಂಧ್ರಕ್ಕೆ ನಮ್ಮ ರಾಜ್ಯದಲ್ಲಿಯೂ ಜನ ಹುಡುಕಿ ಅಲೆದ ಆಂಫೊಟೆರಿಸಿನ್ ಚುಚ್ಚುಮದ್ದು ಲೈಪೊಸೋಮ್ ರೂಪದ್ದೇ. ಮೂತ್ರಪಿಂಡಕ್ಕೆ ಆಗುವ ಹಾನಿ ಅದರಿಂದ ಕಡಿಮೆ. ಬ್ಯಾಕ್ಟೀರಿಯಾದ ವಿಷಯದಲ್ಲಿ, ಶ್ವಾಸಕೋಶದ ಒಂದು ಹಠಮಾರಿ ಸೋಂಕಿಗೆ ಉಸಿರಿನ ಮೂಲಕ ಕೊಡುವ ಲೈಪೊಸೋಮ್ ಅಮಿಕಾಸಿನ್‌ಗೆ ಅಮೆರಿಕ 2018ರಲ್ಲಿ ಅನುಮತಿ ನೀಡಿತು. ಕಾಲಿನ ಹುಣ್ಣಿನಂಥ ಬಯೋಫಿಲ್ಮ್‌ಗಳ ಮೇಲಿನ ಕೆಲಸ ಮಾತ್ರ ಬಹುಪಾಲು ಪ್ರಯೋಗಾಲಯದಲ್ಲಿಯೇ ಇದೆ. ಬೆಲೆ ಹೆಚ್ಚು, ಗುಳ್ಳೆ ಒಡೆದು ಔಷಧ ಸೋರದಂತೆ ಕಾಪಾಡುವುದೂ ಕಷ್ಟ.

ಘೃತದಲ್ಲಿ ಔಷಧವನ್ನು ಪಾಕ ಮಾಡುತ್ತಿದ್ದ ನಮ್ಮ ಹಿರಿಯರಿಗೆ ಇದು ತಿಳಿದೇ ಇತ್ತು ಎಂದು ಕೆಲವರು ಹೇಳುತ್ತಾರೆ. ಆಯುರ್ವೇದ ವೈದ್ಯನಾಗಿ ನಾನು ಹಾಗೆ ಹೇಳಲಾರೆ. ತುಪ್ಪ ಬೇರೆ, ಲೈಪೊಸೋಮ್ ಬೇರೆ. ಆದರೆ ಸುಶ್ರುತರು ದುಷ್ಟವ್ರಣದಲ್ಲಿ ಮೊದಲು ಶೋಧನ, ಆಮೇಲೆ ರೋಪಣ ಎಂದು ಕ್ರಮ ಹಾಕಿದ್ದಾರೆ. ಕೆರೆದು ತೆಗೆಯುವ ಲೇಖನ ಕರ್ಮವನ್ನೂ ಹೇಳಿದ್ದಾರೆ. ಕೊಳೆತದ್ದನ್ನು ತೆಗೆಯದೆ ಮೇಲೆ ಮದ್ದು ಹಚ್ಚಿ ಫಲವಿಲ್ಲ ಎಂಬ ಆ ತಿಳಿವನ್ನು ಇಂದಿನ ಶಸ್ತ್ರವೈದ್ಯರೂ ಒಪ್ಪುತ್ತಾರೆ.

ಆ ರೈತರನ್ನು ನಾನು ಶಸ್ತ್ರವೈದ್ಯರ ಬಳಿಗೆ ಕಳಿಸಿದೆ. ಸತ್ತ ಮಾಂಸವನ್ನು ತೆಗೆದು, ಸಕ್ಕರೆಯನ್ನು ಹತೋಟಿಗೆ ತಂದರು. ಒಂದು ಬೆರಳು ಹೋಯಿತು, ಕಾಲು ಉಳಿಯಿತು. ತಿಂಗಳು ಮುಂಚೆ ಬಂದಿದ್ದರೆ ಬೆರಳೂ ಉಳಿಯುತ್ತಿತ್ತೇನೋ.

ಆದ್ದರಿಂದ ಭಕ್ತರಲ್ಲಿ ವಿನಂತಿ: ಸಕ್ಕರೆ ಕಾಯಿಲೆಯವರು ಪ್ರತಿದಿನ ರಾತ್ರಿ ಅಂಗಾಲನ್ನು ನೋಡಿಕೊಳ್ಳಬೇಕು. ಸಣ್ಣ ಗಾಯವಾದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಸೊಪ್ಪು, ಸುಣ್ಣ ಮೆತ್ತಬಾರದು. ವೈದ್ಯರು ಬರೆದ ಮಾತ್ರೆಗಳನ್ನು ಅರ್ಧಕ್ಕೆ ಬಿಡಬಾರದು. ಹೊಸ ಔಷಧ ಬರುವ ದಿನ ಬರಲಿ. ಅಲ್ಲಿಯವರೆಗೆ ಕಾಯಕದ ಕಾಲನ್ನು ಕಾಯುವುದು ನಮ್ಮ ಎಚ್ಚರವೇ.