ಶಾಸನಗಳಲ್ಲಿ ಸರ್ವನಾಮ: ಮಸ್ಕಿಯಿಂದ ವಿಜಯನಗರದವರೆಗೆ

ಶಾಸನವು ಚರಿತ್ರೆಯ ಆಕರವಾಗಿರುವಂತೆಯೇ ಒಂದು ಕಾನೂನುಪತ್ರವೂ ಹೌದು. ಕೊಟ್ಟವರು ಯಾರು, ಪಡೆದವರು ಯಾರು, ತಪ್ಪಿದವರಿಗೆ ಒದಗುವ ಫಲವೇನು ಎಂಬ ಮೂರು ಪ್ರಶ್ನೆಗಳಿಗೆ ಅದು ಉತ್ತರಿಸುತ್ತದೆ. ಈ ಉತ್ತರಗಳ ಹೊರೆಯನ್ನು ಬಹುಮಟ್ಟಿಗೆ ಹೊರುವುವು ಸರ್ವನಾಮಗಳು. ಆದರೂ ನಮ್ಮ ಶಾಸನಾಧ್ಯಯನದಲ್ಲಿ ಬಿರುದು, ಮಾನ್ಯ, ಅಳತೆಗಳಿಗೆ ದೊರೆತ ಗಮನ ಇವುಗಳಿಗೆ ದೊರೆತಿಲ್ಲ.

1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಗುರುತಿಸಿದ ಮಸ್ಕಿಯ ಶಾಸನದಲ್ಲಿ ಅರಸನ ಹೆಸರು 'ಅಸೋಕಸ' ಎಂದು ಷಷ್ಠಿಯಲ್ಲಿ ಬರುತ್ತದೆ. ಭಾಷೆ ಪ್ರಾಕೃತ. ಹೆಸರಿನ ಬೆನ್ನಿಗೇ ನಿರೂಪಣೆ ಉತ್ತಮಪುರುಷಕ್ಕೆ ಹೊರಳಿ 'ಸುಮಿ' ಎಂಬ ಕ್ರಿಯಾರೂಪ ಕಾಣಿಸಿಕೊಳ್ಳುತ್ತದೆ. ಇದೇ ಆಶಯದ ಬ್ರಹ್ಮಗಿರಿ ಪಾಠದಲ್ಲಿ 'ಹಕಂ' ಎಂಬ ಸರ್ವನಾಮವೇ ಇದೆ. ಆರನೆಯ ಬಂಡೆಶಾಸನದಲ್ಲಿ ಗಿರ್ನಾರ್ ಪಾಠ 'ಅಹಂ' ಎಂದರೆ ಕಾಲ್ಸಿಯ ಪಾಠ 'ಹಕಂ' ಎನ್ನುತ್ತದೆ. ಆಜ್ಞೆ ಒಬ್ಬನದೇ ಆದರೂ 'ನಾನು' ಎಂಬ ಪದ ಒಂದೇ ಅಲ್ಲ. ಆದುದರಿಂದ ಶಾಸನದ ಉತ್ತಮಪುರುಷವನ್ನು ಅರಸನ ನೇರ ನುಡಿಯೆಂದು ಭಾವಿಸುವಂತಿಲ್ಲ. ಪ್ರದೇಶದ ಭಾಷೆಯೂ ಲಿಪಿಕಾರರ ರೂಢಿಯೂ ಅದರಲ್ಲಿ ಬೆರೆತಿವೆ.

ಕನ್ನಡದಲ್ಲಿ ಈ ವ್ಯತ್ಯಾಸ ಶಾಪಾಶಯದಲ್ಲಿ ಸ್ಪಷ್ಟವಾಗುತ್ತದೆ. ಸು. ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿಯೂ ಮಂಗಳೇಶನ ಬಾದಾಮಿ ಶಾಸನದಲ್ಲಿಯೂ ಕೆಡಿಸುವವನು 'ಅೞಿವೋನ್'. ಇಲ್ಲಿ ಪುರುಷವಾಚಕ ಅಂಶ ಕೃದಂತದಲ್ಲಿಯೇ ಅಡಗಿದೆ, ಅದು ಏಕವಚನ. ಮುಂದೆ ಹಳಗನ್ನಡ ಶಾಸನಗಳಲ್ಲಿ 'ಅಳಿದಂ', 'ಅಳಿದಾತಂ' ಮುಂತಾದ ರೂಪಗಳು ಬಳಕೆಗೆ ಬಂದವು. ವಿಜಯನಗರ ಕಾಲದ ಶಾಸನಗಳಲ್ಲಿ 'ಆರೊಬ್ಬರು ತಪ್ಪಿದರೂ' ಎಂಬ ಮಾದರಿ ಹೇರಳವಾಗಿದ್ದು, ಅದನ್ನು 'ತಂಮ' ಎಂಬ ರೂಪ ಹಿಂಬಾಲಿಸುತ್ತದೆ. ರೂಪ ಬಹುವಚನದ್ದು, ಅರ್ಥ ಮಾತ್ರ ಯಾವೊಬ್ಬ ವ್ಯಕ್ತಿಗೂ ಅನ್ವಯಿಸುವಂಥದು. ಹೊಣೆಗಾರನ ವ್ಯಾಪ್ತಿ ಹೀಗೆ ಸಡಿಲಗೊಂಡು ಸರ್ವರನ್ನೂ ಒಳಗೊಂಡಿತು.

ದಾನಿಯ ವಿಷಯದಲ್ಲಿ ತೊಡಕು ಹೆಚ್ಚು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ 'ಕೊಟ್ಟರ್', 'ಬಿಟ್ಟರ್' ಎಂಬ ಕ್ರಿಯಾರೂಪಗಳು ಒಬ್ಬ ಗೌರವಾನ್ವಿತ ದಾನಿಯನ್ನೂ ಸೂಚಿಸಬಲ್ಲವು, ಹಲವರನ್ನೂ ಸೂಚಿಸಬಲ್ಲವು. ಗೌರವಾರ್ಥದ ಬಹುವಚನವನ್ನು ಸಂಖ್ಯಾರ್ಥವಾಗಿ ಓದಿದರೆ ಒಬ್ಬನ ದತ್ತಿ ಸಮೂಹದ ದತ್ತಿಯಾಗಿಬಿಡುತ್ತದೆ. ತಿರುಗುಮುರುಗಾದರೆ ಊರೊಕ್ಕಲಿನ ಹಕ್ಕು ಒಬ್ಬ ಅಧಿಕಾರಿಯ ಪಾಲಾಗುತ್ತದೆ. ಭೂಸಂಬಂಧಗಳ ಚರಿತ್ರೆಯನ್ನು ಬರೆಯುವವರಿಗೆ ಇದು ಸಣ್ಣ ವಿಷಯವಲ್ಲ.

ಇಂಥ ಪಲ್ಲಟ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ 'ನಿಮ್ಮ ಕೃಪೆ' ಎಂಬರ್ಥದ 'ವುಯೆಸ್ತ್ರ ಮೆರ್ಸೆದ್' ಸವೆದು 'ಉಸ್ತೆದ್' ಎಂಬ ಗೌರವ ಸರ್ವನಾಮವಾಯಿತು. ಕ್ರಿಯಾಪದ ಮಾತ್ರ ಪ್ರಥಮಪುರುಷದಲ್ಲಿಯೇ ಉಳಿಯಿತು. ಕನ್ನಡದ 'ತಾವು' ಆತ್ಮಾರ್ಥಕ ಬಹುವಚನವಾಗಿದ್ದು ಎದುರಿಗಿರುವವರನ್ನು ಗೌರವದಿಂದ ಕರೆಯುವ ಪದವಾದುದು ಇದಕ್ಕೆ ಸಮಾಂತರ. ಎರಡೂ ಕಡೆ 'ನೀನು' ಎಂಬ ನೇರ ಸಂಬೋಧನೆಯಿಂದ ದೂರ ಸರಿಯುವುದೇ ಗೌರವದ ಮಾರ್ಗವಾಗಿದೆ.

ಈ ವಿವೇಚನೆಯಿಂದ ಎರಡು ಸೂಚನೆಗಳು ಹೊರಡುತ್ತವೆ. ಒಂದು, 'ನಂಮ', 'ನಿಂಮ', 'ತಂಮ' ರೂಪಗಳು ಲಿಪಿರೂಢಿಯೇ ಆಗಿದ್ದರೂ ಸಂಪಾದನೆಯಲ್ಲಿ ಅವನ್ನು ತಿದ್ದದೆ ಉಳಿಸಬೇಕು. ಎರಡು, ಬಹುವಚನ ಕಂಡೊಡನೆ ಸಂಖ್ಯೆಯನ್ನು ನಿರ್ಧರಿಸದೆ, ಹೆಸರುಗಳ ಪಟ್ಟಿ, ಪಾಲಿನ ವಿವರ, ಸಾಕ್ಷಿಗಳ ಉಲ್ಲೇಖಗಳೊಡನೆ ಅದನ್ನು ಒರೆಹಚ್ಚಬೇಕು. ಸರ್ವನಾಮವನ್ನು ಸರಿಯಾಗಿ ಓದುವುದೆಂದರೆ ಹಕ್ಕನ್ನೂ ಹೊಣೆಯನ್ನೂ ಸರಿಯಾದವರಿಗೆ ಸಲ್ಲಿಸುವುದೇ ಆಗಿದೆ.