ಎರಡು ಗ್ಲಾಸು ಪಕ್ಕಪಕ್ಕ ಇಡಿ: ಮನೆಯಲ್ಲೇ ವಿಸ್ಕಿ ರುಚಿ ನೋಡುವ ಕ್ರಮ

ಒಂದೇ ಗ್ಲಾಸು ವಿಸ್ಕಿ ಕೊಟ್ಟು ‘ಹೇಗಿದೆ?’ ಎಂದು ಕೇಳಿದರೆ ಬಹುತೇಕರಿಂದ ಬರುವ ಉತ್ತರ ಎರಡೇ: ‘ಸ್ಮೂತ್ ಆಗಿದೆ’ ಇಲ್ಲವೇ ‘ಘಾಟು ಜಾಸ್ತಿ’. ಅವರ ಮುಂದೆಯೇ ಎರಡು ಬೇರೆ ಬೇರೆ ವಿಸ್ಕಿ ಪಕ್ಕಪಕ್ಕ ಇಟ್ಟು ಕೇಳಿ ನೋಡಿ. ಇದು ಸಿಹಿ, ಅದು ಒಗರು. ಇದರಲ್ಲಿ ಹಣ್ಣಿನ ವಾಸನೆ, ಅದರಲ್ಲಿ ಆಸ್ಪತ್ರೆ ವಾಸನೆ ಎಂದು ಮಾತು ತಾನಾಗಿ ಹೊರಡುತ್ತದೆ. ಒಂದು ರುಚಿಯನ್ನು ಅದರಷ್ಟಕ್ಕೆ ಬಣ್ಣಿಸುವುದು ಕಷ್ಟ, ಎರಡರ ನಡುವಿನ ವ್ಯತ್ಯಾಸ ಹಿಡಿಯುವುದು ಸುಲಭ. ಮನೆಯಲ್ಲಿ ವಿಸ್ಕಿ ರುಚಿ ಕಲಿಯಲು ಹೊರಟವರು ನಂಬಿಕೊಳ್ಳಬೇಕಾದದ್ದು ಈ ಒಂದು ಸಂಗತಿಯನ್ನೇ. ದುಬಾರಿ ಬಾಟಲಿ ಬೇಡ, ವಿದೇಶಿ ಕೋರ್ಸ್ ಬೇಡ. ಹೋಲಿಸಿ ನೋಡಲು ಒಂದು ಕ್ರಮ ಬೇಕು, ಅಷ್ಟೆ.

ಮೊದಲೇ ಹೇಳಿಬಿಡಬೇಕಾದ ಮಾತು: ಇದು ಈಗಾಗಲೇ ಕುಡಿಯುವ, 21 ವರ್ಷ ದಾಟಿದ ಆಸಕ್ತರಿಗಾಗಿ. ಮದ್ಯದಲ್ಲಿ ‘ಸುರಕ್ಷಿತ ಪ್ರಮಾಣ’ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕುಡಿಯದವರು ರುಚಿಯ ನೆಪದಲ್ಲಿ ಶುರುಮಾಡುವ ಅಗತ್ಯ ಖಂಡಿತ ಇಲ್ಲ. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ಮದ್ಯದೊಂದಿಗೆ ಸೇರದ ಮಾತ್ರೆ ನುಂಗುತ್ತಿರುವವರು ದೂರವೇ ಇರಲಿ. ರುಚಿ ನೋಡುವ ಕ್ರಮದಲ್ಲಿ ಒಂದು ಗ್ಲಾಸಿಗೆ 15 ಎಂ.ಎಲ್. ಸಾಕು. ನಾಲ್ಕು ಗ್ಲಾಸು ಸೇರಿದರೆ ಒಂದು ‘ಸಿಕ್ಸ್ಟಿ’, ಅದೂ ಒಂದೂವರೆ ಗಂಟೆಯ ಅವಧಿಯಲ್ಲಿ. ನುಂಗಲೇಬೇಕೆಂದಿಲ್ಲ, ಉಗುಳಲು ಪಕ್ಕದಲ್ಲೊಂದು ಲೋಟ ಇಟ್ಟುಕೊಳ್ಳಿ. ವಿಸ್ಕಿ ಬೆರೆಸುವುದನ್ನೇ ಕಸುಬು ಮಾಡಿಕೊಂಡವರು ಹೆಚ್ಚಿನ ಕೆಲಸವನ್ನು ಮೂಗಿನಲ್ಲೇ ಮುಗಿಸುತ್ತಾರೆ. 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಗಾಡಿ ಓಡಿಸುವುದು ಅಪರಾಧ. ಹಾಗಾಗಿ ಬಂದ ಗೆಳೆಯರು ವಾಪಸಾಗುವ ದಾರಿಯನ್ನು ಬಾಟಲಿ ತೆರೆಯುವ ಮುಂಚೆಯೇ ಗೊತ್ತುಮಾಡಿ.

ಲೇಬಲ್ ಏನು ಹೇಳುತ್ತದೆ

ನಮ್ಮ ಅಂಗಡಿಗಳಲ್ಲಿ ಹೆಚ್ಚು ಖರ್ಚಾಗುವ ಸಾಧಾರಣ ಬೆಲೆಯ ಭಾರತೀಯ ವಿಸ್ಕಿಗಳಲ್ಲಿ ಬಹಳಷ್ಟು ಕಾಕಂಬಿಯಿಂದ ಇಳಿಸಿದ ಸ್ಪಿರಿಟ್‌ಗೆ ಒಂದಿಷ್ಟು ಮಾಲ್ಟ್ ಬೆರೆಸಿ ಮಾಡಿದವು. ಸಾಮಾನ್ಯವಾಗಿ ಅವುಗಳ ಶಕ್ತಿ ಶೇ 42.8. ಯುರೋಪಿನಲ್ಲಿ ಇಂಥದ್ದನ್ನು ವಿಸ್ಕಿ ಎಂದು ಮಾರುವಂತಿಲ್ಲ. ಅಲ್ಲಿ ಧಾನ್ಯದಿಂದಲೇ ಇಳಿಸಿರಬೇಕು, ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಮಾಗಿರಬೇಕು. ಸಿಂಗಲ್ ಮಾಲ್ಟ್ ಎಂದರೆ ಮೊಳಕೆ ಬರಿಸಿದ ಬಾರ್ಲಿಯಿಂದ, ಒಂದೇ ಭಟ್ಟಿಯಲ್ಲಿ ತಯಾರಾದದ್ದು. ಅಮೆರಿಕದ ಬರ್ಬನ್‌ನಲ್ಲಿ ಶೇ 51ರಷ್ಟಾದರೂ ಮೆಕ್ಕೆಜೋಳ ಇರಬೇಕು, ಒಳಗೋಡೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಮಾಗಬೇಕು. ಬರ್ಬನ್‌ಗೆ ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬರ್ಬನ್‌ಗೆ ಬಾರದು. ಅವೇ ಪೀಪಾಯಿಗಳು ಸ್ಕಾಟ್ಲೆಂಡಿಗೂ ಬೆಂಗಳೂರಿಗೂ ಗೋವಾಕ್ಕೂ ಬರುತ್ತವೆ.

ಲೇಬಲ್ ಮೇಲಿನ ವಯಸ್ಸನ್ನು ನೋಡಿ ದೇಶದೇಶಗಳ ವಿಸ್ಕಿಯನ್ನು ಅಳೆಯಬೇಡಿ. ಪೀಪಾಯಿಯಲ್ಲಿ ಮಾಗುವಾಗ ಒಂದು ಪಾಲು ಮರದ ಮೂಲಕ ಆವಿಯಾಗಿ ಹೋಗುತ್ತದೆ. ಭಟ್ಟಿಯವರು ಅದನ್ನು ‘ದೇವತೆಗಳ ಪಾಲು’ ಎನ್ನುತ್ತಾರೆ. ತಣ್ಣಗಿನ ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು ಶೇ 2. ಬೆಂಗಳೂರಿನ ಮೈಸೂರು ರಸ್ತೆ ಬದಿಯ ಕಂಬೀಪುರದಲ್ಲಿರುವ ಅಮೃತ್ ಭಟ್ಟಿಯಲ್ಲಿ ಶೇ 10ರಿಂದ 12. ಇಲ್ಲಿನ ಬಿಸಿಲಿಗೆ ಸ್ಪಿರಿಟ್ ಮರದೊಳಗೆ ಬೇಗ ಇಳಿಯುತ್ತದೆ, ಬೇಗ ಬಣ್ಣ ಕಟ್ಟುತ್ತದೆ, ಅಷ್ಟೇ ಬೇಗ ಖಾಲಿಯೂ ಆಗುತ್ತದೆ. ಹನ್ನೆರಡು ವರ್ಷ ಇಲ್ಲಿ ಇಟ್ಟರೆ ಪೀಪಾಯಿಯಲ್ಲಿ ಉಳಿಯುವುದು ಸ್ವಲ್ಪವೇ. ಅಮೃತ್‌ನ ಹೆಚ್ಚಿನ ಬಾಟಲಿಗಳ ಮೇಲೆ ವಯಸ್ಸು ಕಾಣದಿರುವುದನ್ನು ಕುಂದೆಂದು ತಿಳಿಯಬೇಕಿಲ್ಲ. 1948ರಲ್ಲಿ ಶುರುವಾದ ಈ ಸಂಸ್ಥೆ ತನ್ನ ಸಿಂಗಲ್ ಮಾಲ್ಟ್ ಅನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ. ಮುಂದೆ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ‘ವಿಸ್ಕಿ ಬೈಬಲ್’ನಲ್ಲಿ ಅಮೃತ್ ಫ್ಯೂಷನ್‌ಗೆ ಜಗತ್ತಿನ ಮೂರನೇ ಸ್ಥಾನ ಕೊಟ್ಟರು. ಒಬ್ಬರ ರುಚಿ ಅಂತಿಮವಲ್ಲ, ಆದರೂ ಕನ್ನಡನಾಡಿನ ಭಟ್ಟಿಯೊಂದಕ್ಕೆ ಸಂದ ಆ ಮನ್ನಣೆ ಸಣ್ಣದಲ್ಲ.

ಮೇಜು ಸಿದ್ಧ ಮಾಡುವುದು

ಸಂಜೆ ಊಟಕ್ಕೆ ಮುಂಚಿನ ಹೊತ್ತು ಒಳ್ಳೆಯದು. ಅಡುಗೆಮನೆಯಲ್ಲಿ ಒಗ್ಗರಣೆ ಬಿದ್ದ ಮೇಲೆ ಮೂಗಿಗೆ ಕೆಲಸವಿಲ್ಲ. ಊದುಬತ್ತಿ, ಸೆಂಟು, ರೂಮ್ ಫ್ರೆಶ್ನರ್ ಬೇಡ. ಎಲೆಅಡಿಕೆ ಹಾಕಿದವರು, ಸಿಗರೇಟು ಸೇದಿದವರು ಒಂದು ಗಂಟೆ ಬಿಟ್ಟು ಕೂರಲಿ. ಬಾರಿನ ಅಭ್ಯಾಸದಲ್ಲಿ ಕಾಂಗ್ರೆಸ್ ಕಡಲೆಬೀಜ, ಮಸಾಲೆ ಚಿಪ್ಸ್ ಮುಂದಿಡುವವರಿದ್ದಾರೆ. ಅವೆಲ್ಲ ರುಚಿ ನೋಡಿ ಮುಗಿದ ಮೇಲಿನ ಮಾತು. ರುಚಿ ನೋಡುವಾಗ ಉಪ್ಪಿಲ್ಲದ ಬಿಸ್ಕತ್ತು ಅಥವಾ ಬ್ರೆಡ್ಡಿನ ತುಂಡು, ಸಾಕಷ್ಟು ನೀರು ಇರಲಿ. ಬೋರ್‌ವೆಲ್‌ನ ಗಡಸು ನೀರು, ಕ್ಲೋರಿನ್ ವಾಸನೆಯ ನಲ್ಲಿ ನೀರು ಎರಡೂ ಆಗದು. ಶುದ್ಧೀಕರಿಸಿದ, ಕೋಣೆಯ ಉಷ್ಣತೆಯ ನೀರು ಸಾಕು.

ಗ್ಲಾಸು ಮುಖ್ಯ. ಬಾಯಿ ಅಗಲವಾದ ದಪ್ಪ ತಳದ ಗ್ಲಾಸಿನಲ್ಲಿ ಪರಿಮಳ ನಿಲ್ಲುವುದಿಲ್ಲ. ಹೊಟ್ಟೆ ಅಗಲ, ಬಾಯಿ ಕಿರಿದಾದದ್ದು ಬೇಕು. 2001ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್‌ಕೆಯರ್ನ್ ಕಂಪನಿ ಮಾರುಕಟ್ಟೆಗೆ ತಂದ ಗ್ಲಾಸು ಇದಕ್ಕೆಂದೇ ರೂಪಿಸಿದ್ದು. ಅದಿಲ್ಲದಿದ್ದರೆ ಸಣ್ಣ ವೈನ್ ಗ್ಲಾಸು ಸಾಕು. ಎಲ್ಲವೂ ಒಂದೇ ಆಕಾರದವಾಗಿರಬೇಕು, ಇಲ್ಲದಿದ್ದರೆ ನೀವು ಹೋಲಿಸುವುದು ವಿಸ್ಕಿಯನ್ನಲ್ಲ, ಗ್ಲಾಸನ್ನು. ಡಿಶ್‌ವಾಶ್ ಸೋಪಿನ ನಿಂಬೆ ವಾಸನೆ ಉಳಿಯದಂತೆ ಬಿಸಿನೀರಿನಲ್ಲಿ ಜಾಲಾಡಿಸಿ, ಗಾಳಿಗೆ ಒಣಗಿಸಿ. ಮೆಡಿಕಲ್ ಶಾಪಿನಿಂದ ಸೂಜಿಯಿಲ್ಲದ 5 ಎಂ.ಎಲ್. ಸಿರಿಂಜ್ ಒಂದನ್ನು ತನ್ನಿ. ಇಡೀ ಏರ್ಪಾಡಿನಲ್ಲಿ ಅತ್ಯಂತ ಅಗ್ಗದ, ಅತ್ಯಂತ ಉಪಯೋಗದ ವಸ್ತು ಅದೇ.

ಮೂಗು ಮೊದಲು, ನಾಲಗೆ ಆಮೇಲೆ

ಸುರಿದ ಮೇಲೆ ಹತ್ತು ನಿಮಿಷ ಬಿಡಿ. ಮೊದಲ ಘಾಟು ಇಳಿಯಲಿ. ಗ್ಲಾಸನ್ನು ಮೂಗಿನೊಳಗೆ ತೂರಿಸದೆ, ಗದ್ದದ ಹತ್ತಿರದಿಂದ ನಿಧಾನವಾಗಿ ಮೇಲೆ ತನ್ನಿ. ಬಾಯಿ ಸ್ವಲ್ಪ ತೆರೆದಿರಲಿ, ಆಗ ಆಲ್ಕೋಹಾಲ್ ಚುರುಕು ಕಡಿಮೆಯಾಗುತ್ತದೆ. ಒಂದು ಹೊಳ್ಳೆಯಿಂದ, ಆಮೇಲೆ ಇನ್ನೊಂದರಿಂದ ಮೂಸಿ. ಮೂಗು ಮಂಕಾದರೆ ನಿಮ್ಮದೇ ಮುಂಗೈ ಮೂಸಿ, ಒಂದು ನಿಮಿಷ ಸುಮ್ಮನಿದ್ದು ಮರಳಿ ಬನ್ನಿ.

ವಾಸನೆಗೆ ಹೆಸರಿಡುವಾಗ ಇಂಗ್ಲಿಷ್ ಪುಸ್ತಕಗಳ ಹಣ್ಣುಹಂಪಲನ್ನು ಹುಡುಕಬೇಡಿ. ಹೀದರ್ ಹೂವನ್ನು ನಾವು ಮೂಸಿಲ್ಲ, ಗೂಸ್‌ಬೆರ್ರಿ ತಿಂದಿಲ್ಲ. ನಮ್ಮ ಡಬ್ಬಿಗಳಲ್ಲಿರುವುದೇ ಸಾಕು, ಮತ್ತು ಅದು ಬರೀ ಕಲ್ಪನೆಯಲ್ಲ. ಓಕ್ ಮರದಿಂದ ಬರುವ ಯೂಜಿನಾಲ್ ಎಂಬ ಅಂಶವೇ ಲವಂಗಕ್ಕೂ ಅದರ ವಾಸನೆ ಕೊಡುವುದು. ಅಮೆರಿಕದ ಓಕ್‌ನಲ್ಲಿ ಹೆಚ್ಚಾಗಿರುವ ಲ್ಯಾಕ್ಟೋನ್ ಒಣಕೊಬ್ಬರಿ ಗಿಟುಕಿನ ನೆನಪು ತರುತ್ತದೆ. ಹುದುಗುವಾಗ ಹುಟ್ಟುವ ಐಸೊಅಮೈಲ್ ಅಸಿಟೇಟ್ ಬಾಳೆಹಣ್ಣಿನ ಪರಿಮಳದ್ದೇ. ಶೆರ್ರಿ ವೈನ್ ಇಟ್ಟಿದ್ದ ಪೀಪಾಯಿಯಿಂದ ಖರ್ಜೂರ, ಒಣದ್ರಾಕ್ಷಿ. ಇನ್ನು ‘ಪೀಟೆಡ್’ ವಿಸ್ಕಿಯ ವಿಷಯ: ಜೌಗುನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಕೂತ ಸಸ್ಯರಾಶಿಯೇ ಪೀಟ್. ಅದನ್ನು ಒಣಗಿಸಿ ಉರಿಸಿ, ಆ ಹೊಗೆಯಲ್ಲಿ ಬಾರ್ಲಿ ಒಣಗಿಸುತ್ತಾರೆ. ಹೊಗೆಯ ಫೀನಾಲ್‌ಗಳು ಕಾಳಿಗೆ ಅಂಟಿ ಬಾಟಲಿಯವರೆಗೂ ಬರುತ್ತವೆ. ಕೆಲವರಿಗೆ ಅದು ಡೆಟಾಲ್, ಕೆಲವರಿಗೆ ಕೆಂಡದಲ್ಲಿ ಸುಟ್ಟ ಬದನೆಕಾಯಿ, ಮಲೆನಾಡಿನವರಿಗೆ ಅಡಿಕೆ ಬೇಯಿಸುವ ಒಲೆಯ ಹೊಗೆ. ಮೂರೂ ಸರಿಯೇ. ಎದುರಿಗೆ ಲವಂಗ, ಕೊಬ್ಬರಿ, ಬೆಲ್ಲ, ಖರ್ಜೂರವನ್ನು ಸಣ್ಣ ಬಟ್ಟಲುಗಳಲ್ಲಿ ಇಟ್ಟುಕೊಂಡು ವಿಸ್ಕಿಯ ಜೊತೆಗೇ ಮೂಸಿದರೆ ಕಲಿಕೆ ಬಹಳ ಬೇಗ ಆಗುತ್ತದೆ.

ಈಗ ಒಂದು ಸಣ್ಣ ಗುಟುಕು. ಮೊದಲ ಗುಟುಕು ಬಾಯಿಗೆ ಒಗ್ಗಿಕೊಳ್ಳಲು, ಅದರ ಮೇಲೆ ತೀರ್ಪು ಬೇಡ. ಎರಡನೆಯದನ್ನು ಮೂಗು ಹಿಡಿದುಕೊಂಡು ಬಾಯಿಗೆ ಹಾಕಿ. ಸಿಹಿ, ಕಹಿ, ಉರಿ ಬಿಟ್ಟು ಏನೂ ತಿಳಿಯುವುದಿಲ್ಲ. ಮೂಗು ಬಿಡಿ, ಒಮ್ಮೆಲೇ ಹಣ್ಣು, ಮರ, ಹೊಗೆ ಎಲ್ಲ ಬಂದು ತುಂಬುತ್ತವೆ. ನಾವು ರುಚಿ ಎನ್ನುವುದರ ಬಹುಪಾಲು ಗಂಟಲ ಹಿಂಬದಿಯಿಂದ ಮೂಗಿಗೇರುವ ವಾಸನೆ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ. ನುಂಗಿದ ಅಥವಾ ಉಗುಳಿದ ಮೇಲೆ ಬಾಯಲ್ಲಿ ಏನು ಉಳಿಯಿತು, ಎಷ್ಟು ಹೊತ್ತು ಉಳಿಯಿತು ಗಮನಿಸಿ. ಅಗ್ಗದ ವಿಸ್ಕಿಯ ಬಣ್ಣ ಬಯಲಾಗುವುದು ಹೆಚ್ಚಾಗಿ ಇಲ್ಲೇ.

ನೀರು ಹಾಕುವುದು ತಪ್ಪಲ್ಲ

‘ಒಳ್ಳೆ ವಿಸ್ಕಿಗೆ ನೀರು ಹಾಕಬಾರದು’ ಎಂದು ಎದೆ ತಟ್ಟಿ ಹೇಳುವವರಿದ್ದಾರೆ. ಒಪ್ಪಬೇಕಿಲ್ಲ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ ಹೊಗೆವಾಸನೆಯ ಗ್ವಾಯಕಾಲ್ ಎಂಬ ಅಣುವಿನ ವರ್ತನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ನೋಡಿದರು. ಆಲ್ಕೋಹಾಲ್ ಶೇ 45ರವರೆಗೆ ಇದ್ದಾಗ ಆ ಅಣು ಮೇಲ್ಮೈಗೆ ಬಂದು ನಿಲ್ಲುತ್ತದೆ. ಶೇ 59 ದಾಟಿದರೆ ಆಲ್ಕೋಹಾಲ್ ಅದನ್ನು ಸುತ್ತುವರಿದು ಒಳಗೇ ಹಿಡಿದಿಡುತ್ತದೆ. ಪರಿಮಳ ಬೇಕಾದದ್ದು ಮೇಲ್ಮೈಯಲ್ಲಿ, ಮೂಗಿನ ಹತ್ತಿರ. ಕಸುಬಿನ ಬ್ಲೆಂಡರ್‌ಗಳು ಮೂಸಿ ನೋಡಲು ಶೇ 20ರ ಆಸುಪಾಸಿಗೆ ಇಳಿಸುವುದೂ ಉಂಟು.

ಹೋಲಿಸುವಾಗಂತೂ ನೀರು ಅನಿವಾರ್ಯ. ಶೇ 40ರ ಸ್ಕಾಚ್ ಪಕ್ಕ ಶೇ 50ರ ಫ್ಯೂಷನ್ ಹಾಗೇ ಇಟ್ಟರೆ ಎರಡನೆಯದರ ಉರಿಯೇ ಮಾತಾಡುತ್ತದೆ. ಎಲ್ಲವನ್ನೂ 40ಕ್ಕೆ ತನ್ನಿ. ಲೆಕ್ಕ ಸುಲಭ: ವಿಸ್ಕಿಯ ಪ್ರಮಾಣವನ್ನು ಅದರ ಶಕ್ತಿಯಿಂದ ಗುಣಿಸಿ 40ರಿಂದ ಭಾಗಿಸಿದರೆ ಒಟ್ಟು ಎಷ್ಟಾಗಬೇಕೆಂದು ಸಿಗುತ್ತದೆ. 15 ಎಂ.ಎಲ್.ಗೆ ಶೇ 42.8 ಇದ್ದರೆ ಒಂದು ಎಂ.ಎಲ್. ನೀರು, 46 ಇದ್ದರೆ ಎರಡೂಕಾಲು, 50 ಇದ್ದರೆ ಮೂರೂಮುಕ್ಕಾಲು. ಸಿರಿಂಜ್ ತಂದದ್ದು ಇದಕ್ಕೇ. ಮೊದಲು ಹಾಗೆಯೇ ಮೂಸಿ, ಆಮೇಲೆ ನೀರು ಸೇರಿಸಿ ಮತ್ತೆ ಮೂಸಿ. ನೀರು ಬಿದ್ದ ಮೇಲೆ ಕೆಲವು ವಿಸ್ಕಿ ತುಸು ಮಬ್ಬಾಗುತ್ತವೆ. ಹೆದರಬೇಡಿ, ಕಲಬೆರಕೆ ಅಲ್ಲ. ತಣಿಸಿ ಸೋಸದೆ ಬಾಟಲಿ ತುಂಬಿದವುಗಳಲ್ಲಿ ಉಳಿದ ಎಣ್ಣೆಯಂಥ ಅಂಶಗಳು ಹೀಗೆ ಕಾಣಿಸಿಕೊಳ್ಳುತ್ತವೆ, ಅವು ಬಾಯಿಗೆ ಮೈತುಂಬಿದ ಅನುಭವ ಕೊಡುತ್ತವೆ. ಐಸ್ ಮಾತ್ರ ಬೇಡ. ತಂಪು ವಾಸನೆಯನ್ನು ಅದುಮುತ್ತದೆ, ನಾಲಗೆಯನ್ನೂ ಮರಗಟ್ಟಿಸುತ್ತದೆ.

ಹೆಸರು ಮುಚ್ಚಿ ನೋಡಿ

ಲೇಬಲ್ ಕಂಡರೆ ಬೆಲೆ ನೆನಪಾಗುತ್ತದೆ, ಬೆಲೆ ನೆನಪಾದರೆ ನಾಲಗೆ ಅದರ ಪರ ವಾಲುತ್ತದೆ. ಎಷ್ಟು ಪ್ರಾಮಾಣಿಕರಾದರೂ ಇದನ್ನು ತಪ್ಪಿಸಿಕೊಳ್ಳಲಾರೆವು. ಕುಡಿಯದ ಒಬ್ಬರು ಒಳಗೆ ಸುರಿದು ತಂದುಕೊಡಲಿ. ಒಬ್ಬರೇ ಇದ್ದರೆ ಗ್ಲಾಸಿನ ತಳಕ್ಕೆ ಹೆಸರಿನ ಚೀಟಿ ಅಂಟಿಸಿ, ಕಣ್ಣುಮುಚ್ಚಿ ಜಾಗ ಬದಲಿಸಿ. ಬಣ್ಣವೂ ದಾರಿ ತಪ್ಪಿಸುತ್ತದೆ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನಲ್ಲೇ ಅವಕಾಶವಿದೆ, ಹಾಗಾಗಿ ಕಪ್ಪಗಿರುವುದೆಲ್ಲ ಹಳೆಯದಲ್ಲ. ಗ್ಲಾಸಿನ ಸುತ್ತ ಕಾಗದ ಸುತ್ತಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೂರು ಗ್ಲಾಸಿನ ಪರೀಕ್ಷೆ. ಎರಡರಲ್ಲಿ ಒಂದೇ ವಿಸ್ಕಿ, ಮೂರನೆಯದರಲ್ಲಿ ಬೇರೆ. ಪ್ರಶ್ನೆ ಒಂದೇ: ಬೇರೆ ಯಾವುದು? ಯಾವುದು ಚೆನ್ನ ಎಂದಲ್ಲ. ಕಣ್ಣುಮುಚ್ಚಿ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದು ಸಲದ ಗೆಲುವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಜಾಗ ಬದಲಿಸಿ ಮೂರು ಸುತ್ತು ಮಾಡಿ. ಮೂರೂ ಸರಿಯಾದರೆ ಅದು ಬರೀ ಅದೃಷ್ಟವಾಗಿರುವ ಸಂಭವ ಇಪ್ಪತ್ತೇಳರಲ್ಲಿ ಒಂದು. ಇದನ್ನು ಮೂಗಿನಲ್ಲೇ ಮಾಡಬಹುದು, ಕುಡಿಯುವ ಪ್ರಮಾಣವೂ ಏರುವುದಿಲ್ಲ. ದುಬಾರಿ ಬಾಟಲಿಗೂ ಅದರ ಅರ್ಧ ಬೆಲೆಯದ್ದಕ್ಕೂ ನಿಮಗೆ ವ್ಯತ್ಯಾಸವೇ ತಿಳಿಯದಿದ್ದರೆ ಮುಂದೆ ಯಾವುದನ್ನು ಕೊಳ್ಳಬೇಕೆಂಬುದು ಅಲ್ಲಿಗೇ ಇತ್ಯರ್ಥ.

ಗುಂಪಾಗಿ ಕೂತಾಗ ಬರೆದಾದ ಮೇಲೇ ಬಾಯಿಬಿಡಬೇಕು ಎಂಬ ನಿಯಮ ಇರಲಿ. ಒಬ್ಬರು ‘ಏಲಕ್ಕಿ’ ಎಂದರೆ ಮುಗಿಯಿತು, ಎಲ್ಲರಿಗೂ ಏಲಕ್ಕಿಯೇ ಸಿಗುತ್ತದೆ. ನೋಟ್‌ಬುಕ್ಕಿನಲ್ಲಿ ದಿನಾಂಕ, ವಾಸನೆ, ರುಚಿ, ಉಳಿಕೆ, ನೀರು ಹಾಕಿದ ಮೇಲೆ ಏನಾಯಿತು, ಇಷ್ಟು ಬರೆಯಿರಿ. ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿ ನಮಗೆ ಬೇಡ. 86ಕ್ಕೂ 88ಕ್ಕೂ ಏನು ಅಂತರ ಎಂದು ಮನೆಯಲ್ಲಿ ಯಾರೂ ವಿವರಿಸಲಾರರು. ಮೊದಲು ಯಾವುದು, ಕೊನೆಗೆ ಯಾವುದು ಎಂಬ ಸಾಲು ಸಾಕು.

ಯಾವುದರ ಜೊತೆ ಯಾವುದು

ಬಾಟಲಿ ಆರಿಸುವಾಗ ಒಂದೇ ಒಂದು ಅಂಶ ಬದಲಾಗುವಂಥ ಜೋಡಿ ಹುಡುಕಿ. ಗೋವಾದಲ್ಲಿ ತಯಾರಾಗುವ ಪಾಲ್ ಜಾನ್‌ನ ಬ್ರಿಲಿಯನ್ಸ್ ಮತ್ತು ಬೋಲ್ಡ್ ಎರಡೂ ಶೇ 46ರವು. ಮೊದಲನೆಯದರಲ್ಲಿ ಹೊಗೆ ಇಲ್ಲ, ಎರಡನೆಯದರಲ್ಲಿ ಇದೆ. ಹೊಗೆ ಏನು ಮಾಡುತ್ತದೆ ಎಂದು ತಿಳಿಯಲು ಈ ಜೋಡಿ ಸೊಗಸು. ಇನ್ನೊಂದು ಸಂಜೆ ಒಂದು ಬರ್ಬನ್, ಜೊತೆಗೆ ಬರ್ಬನ್ ಪೀಪಾಯಿಯಲ್ಲಿ ಮಾಗಿದ ಸಿಂಗಲ್ ಮಾಲ್ಟ್. ಹೊಸ ಮರ ಎಷ್ಟು ಸಿಹಿ ಕೊಡುತ್ತದೆ, ಬಳಸಿದ ಮರ ಎಷ್ಟು ತಡೆದುಕೊಳ್ಳುತ್ತದೆ ಗೊತ್ತಾಗುತ್ತದೆ. ಕಾಕಂಬಿಯ ಸಾಮಾನ್ಯ ವಿಸ್ಕಿಯನ್ನೂ ಒಮ್ಮೆ ಮಾಲ್ಟ್ ಪಕ್ಕ ಇಡಿ, ತಾತ್ಸಾರವಿಲ್ಲದೆ. ಯಾವಾಗಲೂ ಹೊಗೆಯದ್ದು ಕೊನೆಗೆ ಬರಲಿ, ಅದು ಮೊದಲು ಬಂದರೆ ಉಳಿದದ್ದೆಲ್ಲ ಅದರ ನೆರಳಿನಲ್ಲೇ ಕೂರುತ್ತದೆ. ನಾಲ್ಕು ಗೆಳೆಯರು ತಲಾ ಒಂದು ತಂದರೆ, ಅಥವಾ ಚಿಕ್ಕ ಬಾಟಲಿಗಳಲ್ಲಿ ಸಿಕ್ಕರೆ, ಖರ್ಚು ಹಗುರ.

ಉಳಿದದ್ದನ್ನು ಬಿಸಿಲು ಬೀಳದ ಕಡೆ ನಿಲ್ಲಿಸಿಡಿ. ವೈನ್‌ನಂತೆ ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ. ಬಾಟಲಿಯಲ್ಲಿ ವಿಸ್ಕಿ ಮಾಗುವುದಿಲ್ಲ, ಆದರೆ ಮುಕ್ಕಾಲು ಖಾಲಿಯಾದ ಮೇಲೆ ಒಳಗಿನ ಗಾಳಿಗೆ ಪರಿಮಳ ಸಪ್ಪೆಯಾಗತೊಡಗುತ್ತದೆ. ಆಗ ಅದನ್ನು ಗಾಳಿಗೆ ಜಾಗವಿಲ್ಲದಂತೆ ಚಿಕ್ಕ ಗಾಜಿನ ಶೀಶೆಗೆ ಬಗ್ಗಿಸಿ.

ಕೈ ಪಳಗಿದ ಮೇಲೆ ಮಾಡಬೇಕಾದ ಒಂದು ಸುತ್ತು ಉಂಟು. ಅಮೃತ್‌ನ ಸಾದಾ ಸಿಂಗಲ್ ಮಾಲ್ಟ್, ಅದರದ್ದೇ ಪೀಟೆಡ್, ಮತ್ತು ಫ್ಯೂಷನ್. ಮೊದಲೆರಡು ಶೇ 46, ಮೂರನೆಯದು 50. ಫ್ಯೂಷನ್‌ನಲ್ಲಿ ಹೊಗೆಯಿಲ್ಲದ ಭಾರತದ ಬಾರ್ಲಿಯ ಮಾಲ್ಟ್ ಮತ್ತು ಹೊಗೆ ಹಿಡಿದ ಸ್ಕಾಟ್ಲೆಂಡಿನ ಬಾರ್ಲಿಯ ಮಾಲ್ಟ್ ಎರಡೂ ಸೇರಿವೆ. ಮೂರನ್ನೂ 40ಕ್ಕೆ ಇಳಿಸಿ, ಫ್ಯೂಷನ್ ಅನ್ನು ನಡುವೆ ಇಟ್ಟು, ಹೊಗೆ ಅದರಲ್ಲಿ ಎಲ್ಲಿ ಕಾಣಿಸಿಕೊಳ್ಳುತ್ತದೆ ಹುಡುಕಿ: ಮೂಸುವಾಗಲೇ, ನಾಲಗೆಯ ಮೇಲೋ, ಇಳಿದ ಮೇಲೋ? ಉತ್ತರವನ್ನು ಬರೆದಿಟ್ಟು, ಒಂದು ವಾರ ಬಿಟ್ಟು ಹೆಸರು ಮುಚ್ಚಿ ಅದೇ ಸುತ್ತನ್ನು ಮತ್ತೆ ಮಾಡಿ.