ಕ್ಯಾಮೆರಾ ಎಲ್ಲಿ ನಿಂತಿದೆ?

ಮಳೆಗಾಲದಲ್ಲಿ ಶಾಲೆ ಕಾಲೇಜುಗಳಿಗೆ ರಜೆ ಸಾರಿದಾಗಲೋ ಜ್ವರ ಹಿಡಿದು ಹಾಸಿಗೆ ಸೇರಿದಾಗಲೋ ಮನೆಬಿಟ್ಟು ಹೊರಡಲಾಗದ ದಿನಗಳು ಎಲ್ಲರಿಗೂ ಬರುವುದುಂಟು. 2020ರಲ್ಲಿಯಂತೂ ಇಡೀ ದೇಶವೇ ವಾರಗಟ್ಟಲೆ ಬಾಗಿಲು ಹಾಕಿಕೊಂಡು ಕುಳಿತಿದ್ದಿತು. ಅಂಥ ವೇಳೆಯಲ್ಲಿ ಮಕ್ಕಳು ಚಲಚ್ಚಿತ್ರ ನೋಡುತ್ತ ಕುಳಿತರೆ ಹಿರಿಯರು ಅದನ್ನು ಕಾಲಹರಣವೆಂದು ಆಕ್ಷೇಪಿಸುವರು. ಆದರೆ ಚಿತ್ರಮಂದಿರದಲ್ಲಿ ದೊರೆಯದ ಒಂದು ಸೌಕರ್ಯವು ಮನೆಯಲ್ಲಿದೆ. ಬೇಕಾದೆಡೆ ಚಿತ್ರವನ್ನು ನಿಲ್ಲಿಸಬಹುದು. ಹಿಂದಕ್ಕೆ ತಿರುಗಿಸಿ ಮತ್ತೆ ನೋಡಬಹುದು. ಬಳಿಯಲ್ಲಿ ಕಾಗದ, ಪೆನ್ಸಿಲು ಮತ್ತು ಗಡಿಯಾರವಿದ್ದರೆ ಅದೇ ಒಂದು ಸಣ್ಣ ಪ್ರಯೋಗಶಾಲೆ. ಭೌತಶಾಸ್ತ್ರದ ವಿದ್ಯಾರ್ಥಿಗಳು ಹೀಗೆ ನೋಡತಕ್ಕ ಮೂರು ಚಿತ್ರಗಳನ್ನು ಇಲ್ಲಿ ಸೂಚಿಸಿದೆ. ಮೂರನ್ನು ನೋಡುವಾಗಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕ್ಯಾಮೆರಾ ಎಲ್ಲಿ ನಿಂತಿದೆ?

ಮೊದಲನೆಯದು 1960ರಲ್ಲಿ ಅಮೆರಿಕದ ಪ್ರೌಢಶಾಲೆಗಳಿಗಾಗಿ ತಯಾರಾದ ‘ಫ್ರೇಮ್ಸ್ ಆಫ್ ರೆಫರೆನ್ಸ್’ ಎಂಬ ಕಪ್ಪು-ಬಿಳುಪು ಪಾಠಚಿತ್ರ. ಅರ್ಧ ಗಂಟೆಯೂ ಇಲ್ಲ. ಟೊರಾಂಟೊ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ಪ್ಯಾಟರ್‌ಸನ್ ಹ್ಯೂಮ್ ಮತ್ತು ಡೊನಾಲ್ಡ್ ಐವಿ ಇದರ ಪಾಠಕರು. ಒಬ್ಬರು ನೆಟ್ಟಗೆ ನಿಂತಿದ್ದರೆ ಇನ್ನೊಬ್ಬರು ತಲೆಕೆಳಗಾಗಿ ಕಾಣುತ್ತಾರೆ. ತಲೆಕೆಳಗಾಗಿರುವವರು ಯಾರು ಎಂಬುದೇ ಅವರ ವಾದ. ನಗುತ್ತ ನೋಡುತ್ತಿರುವಾಗಲೇ, ನಾವು ನೆಲವೆಂದು ನಂಬಿದುದು ಕ್ಯಾಮೆರಾ ತೋರಿಸಿದ ನೆಲವೇ ಹೊರತು ಬೇರೆಯಲ್ಲವೆಂಬುದು ಹೊಳೆಯುತ್ತದೆ. ತರುವಾಯ, ಸಮವೇಗದಿಂದ ಚಲಿಸುವ ಗಾಡಿಯಲ್ಲಿ ಒಂದು ಗುಂಡನ್ನು ಬೀಳಬಿಡುತ್ತಾರೆ. ಗಾಡಿಯೊಡನೆ ಸಾಗುವ ಕ್ಯಾಮೆರಾಕ್ಕೆ ಗುಂಡು ನೇರವಾಗಿ ಕೆಳಗಿಳಿದಂತೆ ಕಾಣುವುದು. ನೆಲದ ಮೇಲೆ ನಿಂತ ಕ್ಯಾಮೆರಾಕ್ಕೆ ಅದೇ ಪತನವು ಪರವಲಯವಾಗಿ ಕಾಣುವುದು. ಎರಡೂ ಸರಿಯೇ. ನೋಡುವವನು ನಿಂತ ನೆಲೆಗೆ ನಿರ್ದೇಶ ಚೌಕಟ್ಟು ಎಂದು ಹೆಸರು. ಆ ನೆಲೆಯೇ ವೇಗವನ್ನು ಹೆಚ್ಚಿಸಿಕೊಳ್ಳುತ್ತಲೋ ಸುತ್ತುತ್ತಲೋ ಇದ್ದರೆ ಮಾತ್ರ ತೊಡಕು. ಆಗ ಯಾರೂ ಎಳೆಯದಿದ್ದರೂ ವಸ್ತುಗಳು ಎಳೆಯಲ್ಪಟ್ಟಂತೆ ಓಡಾಡುತ್ತವೆ. ಬಸ್ಸು ತಟ್ಟನೆ ನಿಂತಾಗ ನಮ್ಮನ್ನು ಮುಂದಕ್ಕೆ ದೂಡುವವರು ಯಾರು? ಯಾರೂ ಇಲ್ಲ. ಬಸ್ಸನ್ನೇ ನೆಲೆಯೆಂದು ಭಾವಿಸಿದುದರಿಂದ ಒಂದು ಮಿಥ್ಯಾಬಲವನ್ನು ಕಲ್ಪಿಸಬೇಕಾಯಿತು, ಅಷ್ಟೆ.

ಈ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ಟ್ಯಾನ್ಲಿ ಕ್ಯೂಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ (1968) ನೋಡಬೇಕು. ಕಥೆಯು ಕೆಲವರಿಗೆ ನಿಧಾನವೆನಿಸೀತು. ಕೊನೆಯ ಭಾಗ ಅರ್ಥವಾಗದವರು ಅನೇಕರು, ಅದಕ್ಕಾಗಿ ಚಿಂತಿಸಬೇಕಾಗಿಲ್ಲ. ನಮಗೆ ಬೇಕಾದುದು, ಗುರುಗ್ರಹದ ಕಡೆಗೆ ಸಾಗುವ ನೌಕೆಯೊಳಗೆ ಗಗನಯಾತ್ರಿಯೊಬ್ಬನು ದೊಡ್ಡ ಗಾಲಿಯ ಒಳಮೈಮೇಲೆ ಓಡುವ ದೃಶ್ಯ. ಗೋಡೆಯನ್ನೇರಿ, ಛಾವಣಿಯನ್ನು ದಾಟಿ, ಮತ್ತೆ ಕೆಳಗಿಳಿದು ಬರುತ್ತಾನೆ! ಇದಕ್ಕಾಗಿ ಇಂಗ್ಲೆಂಡಿನಲ್ಲಿ ಸುಮಾರು 38 ಅಡಿ ವ್ಯಾಸದ, ಸುತ್ತುವ ಗಾಲಿಯೊಂದನ್ನು ನಿಜವಾಗಿಯೂ ಕಟ್ಟಿದ್ದರು. ಪಂಜರದ ಅಳಿಲು ಚಕ್ರದಲ್ಲಿ ಓಡುವಂತೆ ನಟನು ಸದಾ ತಳದಲ್ಲಿಯೇ ಓಡುತ್ತಿದ್ದನು, ಸುತ್ತಿದ್ದು ಗಾಲಿ. ಕ್ಯಾಮೆರಾವನ್ನು ಗಾಲಿಗೆ ಬಿಗಿದಾಗ ಅದೂ ಗಾಲಿಯೊಡನೆ ತಿರುಗುವುದರಿಂದ, ನಟನೇ ಗೋಡೆಯೇರಿದಂತೆ ತೋರುವುದು. ಹ್ಯೂಮ್ ಮತ್ತು ಐವಿಯವರ ತಂತ್ರವೇ ಇದು, ವೆಚ್ಚ ಮಾತ್ರ ಬಹಳ ಹೆಚ್ಚು.

ಈಗ ಚಿತ್ರವನ್ನು ನಿಲ್ಲಿಸಿ ಲೆಕ್ಕ ಮಾಡೋಣ. ಅಂಥ ಗಾಲಿ ನಿಜವಾಗಿ ಅಂತರಿಕ್ಷದಲ್ಲಿದ್ದರೆ? ತ್ರಿಜ್ಯ ಸುಮಾರು 5.8 ಮೀಟರು. ಅಂಚಿನ ವೇಗ ಸೆಕೆಂಡಿಗೆ 3 ಮೀಟರು, ಅಂದರೆ 12 ಸೆಕೆಂಡಿಗೆ ಒಂದು ಸುತ್ತು, ಎಂದು ಇಟ್ಟುಕೊಳ್ಳಿ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ 1.55 ಬರುತ್ತದೆ, ಇದು ಚಂದ್ರನ ಮೇಲಿನ ಗುರುತ್ವದ ವೇಗೋತ್ಕರ್ಷಕ್ಕೆ ಬಹುಮಟ್ಟಿಗೆ ಸಮ. ನಿಂತವನಿಗೆ ಅಷ್ಟು ತೂಕ. ಆದರೆ ನಮ್ಮ ಗಗನಯಾತ್ರಿ ನಿಂತಿಲ್ಲ. ಸೆಕೆಂಡಿಗೆ 3 ಮೀಟರು ಸಾಧಾರಣ ಓಟವೇ. ಗಾಲಿ ಸುತ್ತುವ ದಿಕ್ಕಿನಲ್ಲೇ ಅವನು ಓಡಿದರೆ ಒಟ್ಟು ವೇಗ 6 ಮೀಟರಾಗಿ ತೂಕವು ನಾಲ್ಕು ಮಡಿಯಾಗುತ್ತದೆ. ಎದುರು ದಿಕ್ಕಿನಲ್ಲಿ ಓಡಿದರೋ, ಅವನ ವೇಗ ಸೊನ್ನೆ, ತೂಕವೂ ಸೊನ್ನೆ! ಕಾಲು ನೆಲಕ್ಕೆ ಹತ್ತದೆ ತೇಲುತ್ತಾನೆ. ಗಾಲಿ ಅವನ ಕೆಳಗೆ ತಾನೇ ಸರಿದುಹೋಗುತ್ತದೆ. ಆದ್ದರಿಂದ ಅವನು ಯಾವ ದಿಕ್ಕಿಗೆ ಓಡಬೇಕೆಂಬುದು ಅಲ್ಪ ವಿಷಯವಲ್ಲ. ಇನ್ನೊಂದು ತೊಂದರೆಯೂ ಇದೆ. ನಿಂತವನ ತಲೆ ಗಾಲಿಯ ನಡುವಿಗೆ ಹತ್ತಿರ. 1.7 ಮೀಟರು ಎತ್ತರದವನ ನೆತ್ತಿಯ ಬಳಿ ಈ ಕೃತಕ ಗುರುತ್ವವು ಪಾದದ ಬಳಿಯದರ ಶೇಕಡಾ 70ರಷ್ಟು ಮಾತ್ರ. ನೂರು ಮೀಟರು ತ್ರಿಜ್ಯದ ಗಾಲಿಯಲ್ಲಿ ಈ ವ್ಯತ್ಯಾಸವೆಷ್ಟೆಂಬುದನ್ನು ನೀವೇ ಗಣಿಸಿ ನೋಡಿ. ಇಂಜಿನಿಯರರು ದೊಡ್ಡ ಗಾಲಿಯನ್ನೇಕೆ ಬಯಸುವರೆಂಬುದು ತಿಳಿದೀತು.

ಮೂರನೆಯದು ರಾನ್ ಹೊವರ್ಡನ ‘ಅಪೊಲೊ 13’ (1995). 1970ರ ಏಪ್ರಿಲ್‌ನಲ್ಲಿ ಚಂದ್ರನ ದಾರಿಯಲ್ಲಿ ಆಮ್ಲಜನಕದ ತೊಟ್ಟಿ ಸಿಡಿದು, ಮೂವರು ಯಾತ್ರಿಕರು ಪ್ರಯಾಸದಿಂದ ಭೂಮಿಗೆ ಮರಳಿದ ಸತ್ಯಕಥೆ, ಯಾರಿಗಾದರೂ ಹಿಡಿಸುವಂಥದು. ನಟರು ತೇಲಾಡುವ ಅನೇಕ ದೃಶ್ಯಗಳನ್ನು ಹಗ್ಗ ಕಟ್ಟಿ ತೆಗೆದುದಲ್ಲ. ನಾಸಾ ಸಂಸ್ಥೆಯ ವಿಮಾನದೊಳಗೆ ತೆಗೆದರು. ವಿಮಾನವು ಎಸೆದ ಕಲ್ಲಿನಂತೆ ಪರವಲಯದಲ್ಲಿ ಹಾರುವಾಗ ಸುಮಾರು 24 ಸೆಕೆಂಡು ಒಳಗಿನವರೆಲ್ಲ ತೂಕವಿಲ್ಲದವರಾಗುತ್ತಾರೆ. ಮೊದಲ 12 ಸೆಕೆಂಡು ವಿಮಾನ ಏರುತ್ತಲೇ ಇರುತ್ತದೆ, ಸುಮಾರು 700 ಮೀಟರು! ಏರುವಾಗಲೂ ತೂಕವಿಲ್ಲವೆ ಎಂದು ಅನೇಕ ವಿದ್ಯಾರ್ಥಿಗಳು ಬೆರಗಾಗುವರು. ವಿಮಾನ, ನಟ, ಕ್ಯಾಮೆರಾ ಎಲ್ಲಕ್ಕೂ ಒಂದೇ ವೇಗೋತ್ಕರ್ಷವಿರುವಾಗ ಯಾವುದೂ ಮತ್ತೊಂದನ್ನು ಒತ್ತುವುದಿಲ್ಲ. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಇಲ್ಲಿ ಅಪ್ರಸ್ತುತ. ಅಂತರಿಕ್ಷದಲ್ಲಿ ಗುರುತ್ವವಿಲ್ಲವೆಂಬ ಮಾತು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಭೂಮಿಯಿಂದ 400 ಕಿಲೋಮೀಟರು ಮೇಲೆ ಕೂಡ ಗುರುತ್ವದ ವೇಗೋತ್ಕರ್ಷವು ನೆಲದ ಮೇಲಿನದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟಿದೆ.

ಇದನ್ನು ವಿಮಾನವಿಲ್ಲದೆಯೂ ಪರೀಕ್ಷಿಸಬಹುದು. ಪ್ಲಾಸ್ಟಿಕ್ ಸೀಸೆಯ ತಳದ ಬಳಿ ಪಕ್ಕದಲ್ಲೊಂದು ತೂತು ಮಾಡಿ, ಬೆರಳಿನಿಂದ ಮುಚ್ಚಿ ನೀರು ತುಂಬಿ. ಮುಚ್ಚಳ ಹಾಕಬೇಡಿ. ಬೆರಳು ತೆಗೆದರೆ ನೀರು ಚಿಮ್ಮುತ್ತದೆ. ಚಿಮ್ಮುತ್ತಿರುವಾಗಲೇ ಸೀಸೆಯನ್ನು ಎತ್ತರದಿಂದ ಬಕೆಟ್ಟಿಗೆ ಬೀಳಬಿಡಿ. ಒಬ್ಬರು ಅದನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಲಿ. ನಿಧಾನವಾಗಿ ನೋಡಿದಾಗ, ಬೀಳುವಷ್ಟು ಹೊತ್ತೂ ತೂತಿನಿಂದ ಹೊಸ ನೀರು ಹೊರಡದಿರುವುದು ಕಾಣುವುದು. ಸೀಸೆಯನ್ನು ಮೇಲಕ್ಕೆ ಎಸೆದರೆ ಏನಾದೀತೆಂಬುದನ್ನು ಮೊದಲು ಕಾಗದದ ಮೇಲೆ ಬರೆದಿಟ್ಟು, ಆಮೇಲೆ ಎಸೆದು ನೋಡಿ. ಇದನ್ನು ಅಂಗಳದಲ್ಲಿ ಮಾಡುವುದು ಲೇಸು.